ಘಾಟಿ ರೈಡಿಗೆ ಯಾವ ಮ್ಯಾಪ್? ಗೂಗಲ್, ಓಸ್ಮಾಂಡ್, ಕುರ್ವಿಗರ್, ಮ್ಯಾಪಲ್ಸ್: ಒಂದು ಹೋಲಿಕೆ

ಬೆಂಗಳೂರಿನಿಂದ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಘಾಟಿ ಇಳಿದು ಉಡುಪಿ. ಅಲ್ಲಿಂದ ಕಾರ್ಕಳ, ಕುದುರೆಮುಖ, ಕಳಸ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ, ವಾಪಸ್ ಬೆಂಗಳೂರು. ಬೈಕ್ ಇಟ್ಟುಕೊಂಡವರಿಗೆ ಹೊಸದೇನೂ ಅಲ್ಲದ ಸುತ್ತು ಇದು. ಈಗ ಇದನ್ನು ಫೋನಿನ ಗೂಗಲ್ ಮ್ಯಾಪ್ಸ್‌ಗೆ ಹೇಳಿ ನೋಡಿ. ಹೊರಡುವ ಜಾಗ ಬೆಂಗಳೂರು, ತಲುಪುವ ಜಾಗ ಬೆಂಗಳೂರು ಅಂದರೆ, ಆಗಲೇ ತಲುಪಿದ್ದೀರಿ ಅನ್ನುತ್ತದೆ. ಉಡುಪಿ ಅಂತ ಹಾಕಿದರೆ ಆಗುಂಬೆಯ ಗೊಡವೆಗೇ ಹೋಗದೆ ಸಕಲೇಶಪುರ, ಶಿರಾಡಿ ಕಡೆ ತಿರುಗಿಸುತ್ತದೆ.

ಅದರ ತಪ್ಪೇನೂ ಇಲ್ಲ. ಬೇಗ ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರಿಸಲು ಮಾಡಿದ ಆ್ಯಪ್ ಅದು. ನಮ್ಮ ಪ್ರಶ್ನೆ ಬೇರೆ: ನಾನು ಆರಿಸಿಕೊಂಡ ಈ ದಾರಿಯಲ್ಲೇ ಕೊನೆತನಕ ಹೋಗುವುದು ಹೇಗೆ? ಹಾಗಾಗಿ ಇಲ್ಲಿ ಕೆಲಸ ಎರಡು. ಮನೆಯಲ್ಲಿ ಕೂತು ದಾರಿ ಬರೆಯುವುದು ಒಂದು. ಬೈಕಿನ ಮೇಲೆ ಆ ದಾರಿ ತಪ್ಪದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನ್ನೂ ಚೆನ್ನಾಗಿ ಮಾಡುವ ಒಂದೇ ಆ್ಯಪ್ ಹುಡುಕುತ್ತಾ ಕೂತರೆ ರೈಡ್ ಮುಂದಕ್ಕೆ ಹೋಗುತ್ತದೆ ಅಷ್ಟೆ. ಯಾವ ಕೆಲಸಕ್ಕೆ ಯಾವುದು ಅಂತ ನೋಡೋಣ.

ಗೂಗಲ್ ಮ್ಯಾಪ್ಸ್

ಹುಡುಕುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಮೆಸ್, ಪಂಕ್ಚರ್ ಅಂಗಡಿ, ಹೋಮ್‌ಸ್ಟೇ, ರಾತ್ರಿ ತೆರೆದಿರುವ ಮೆಡಿಕಲ್, ಎಲ್ಲವೂ ಸಿಗುತ್ತವೆ. ಟ್ರಾಫಿಕ್ ಗೊತ್ತು. ತಲುಪುವ ಸಮಯವನ್ನೂ ಉಳಿದವುಗಳಿಗಿಂತ ಸರಿಯಾಗಿ ಹೇಳುತ್ತದೆ. 2017ರ ಡಿಸೆಂಬರ್‌ನಲ್ಲಿ ಭಾರತದಲ್ಲೇ ಮೊದಲು ಬಂದ ದ್ವಿಚಕ್ರ ಮೋಡ್ ಕೂಡ ಇದರಲ್ಲಿದೆ. ಅದನ್ನು ಮರೆಯದೆ ಆನ್ ಮಾಡಿಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಾರಿನ ಮೋಡ್‌ನಲ್ಲಿ ಹೊರಟರೆ ಮ್ಯಾಪ್ ನಿಮ್ಮನ್ನು ನೇರ ಮುಖ್ಯ ಪಥಕ್ಕೆ ಹತ್ತಿಸುತ್ತದೆ.

ಹಳ್ಳಿಗಾಡಿನಲ್ಲಿ ಮಾತ್ರ ದ್ವಿಚಕ್ರ ಮೋಡ್‌ಗೆ ಸ್ವಲ್ಪ ಅತ್ಯುತ್ಸಾಹ. ಎರಡು ನಿಮಿಷ ಉಳಿಯುತ್ತದೆ ಅಂತ ಕಂಡವರ ತೋಟದ ಬೇಲಿ ಪಕ್ಕ ನುಗ್ಗಿಸುತ್ತದೆ. ಅದಕ್ಕೇ ಹೊರಡುವ ಮುಂಚೆ ಕಾರಿನ ಮೋಡ್‌ನಲ್ಲೂ ಒಮ್ಮೆ ದಾರಿ ನೋಡಿ. ಎರಡೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ಬೇರೆಯಾಗಿದ್ದರೆ ಎಲ್ಲಿ ಕವಲೊಡೆಯುತ್ತದೆ ಅಂತ ಜೂಮ್ ಮಾಡಿ ನೋಡಿ.

ಉದ್ದದ ದಾರಿ ಬರೆಯಲು ಹೊರಟಾಗ ಇದರ ಕೊರತೆಗಳು ಗೊತ್ತಾಗುತ್ತವೆ. ಒಂದು ದಾರಿಗೆ 9 ನಿಲ್ದಾಣಗಳಷ್ಟೇ. ಮೇಲೆ ಹೇಳಿದ ಸುತ್ತಿಗೇ ಅದು ಸಾಲುವುದಿಲ್ಲ. ಕಂಪ್ಯೂಟರಿನಲ್ಲಿ ದಾರಿಯನ್ನು ಮೌಸ್‌ನಿಂದ ಎಳೆದು ಆಗುಂಬೆ ಕಡೆ ಬಗ್ಗಿಸಬಹುದು, ನಿಜ. ಆದರೆ ಅದನ್ನು ಫೋನಿಗೆ ಕಳಿಸಿದಾಗ ಆ ಬಾಗು ಉಳಿಯುತ್ತದೆ ಅಂತ ನಂಬುವ ಹಾಗಿಲ್ಲ. ಫೋನ್ ಮತ್ತೆ ತನ್ನದೇ ಲೆಕ್ಕ ಹಾಕುತ್ತದೆ. ಬರೆದ ದಾರಿಯನ್ನು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಒಯ್ಯುವ ಜಿಪಿಎಕ್ಸ್ ಫೈಲ್ ಇದ್ದರೂ ಈ ಆ್ಯಪ್ ಅದನ್ನು ತೆರೆಯುವುದಿಲ್ಲ. ಗೂಗಲ್‌ನದೇ ಮೈ ಮ್ಯಾಪ್ಸ್ ತೆರೆಯುತ್ತದೆ. ಆದರೆ ಅಲ್ಲಿ ಬರೆದ ಗೆರೆ ಫೋನಿನ ನಕ್ಷೆಯ ಮೇಲೆ ಬರೀ ಬಣ್ಣದ ಗೆರೆಯಾಗಿ ಕಾಣುತ್ತದೆ. "ಮುಂದೆ ಎಡಕ್ಕೆ ತಿರುಗಿ" ಅಂತ ಅದರ ಮೇಲೆ ಯಾರೂ ಹೇಳುವುದಿಲ್ಲ.

ಗೂಗಲ್ ಒಂದರಲ್ಲೇ ಕೆಲಸ ಮುಗಿಸಬೇಕು ಅನ್ನುವವರು ಎರಡು ವಿಷಯ ನೋಡಿಕೊಂಡರೆ ಸಾಕು. ಒಂದು, ದಾರಿಯನ್ನು ದಿನದ ಲೆಕ್ಕದಲ್ಲಿ ತುಂಡು ಮಾಡಿ. ಎರಡು, ನಿಲ್ದಾಣಗಳನ್ನು ಊರಿನ ಹೆಸರಿಗೆ ಹಾಕಬೇಡಿ, ದಾರಿ ಕವಲೊಡೆಯುವ ಜಾಗದ ಆಚೆಗೆ ಹಾಕಿ. ಕಾರ್ಕಳದಿಂದ ಘಾಟಿ ಹತ್ತಿ ಎಸ್.ಕೆ. ಬಾರ್ಡರ್‌ಗೆ ಬಂದರೆ ಒಂದು ದಾರಿ ಕೆರೆಕಟ್ಟೆ, ಶೃಂಗೇರಿ ಕಡೆ, ಇನ್ನೊಂದು ಕುದುರೆಮುಖ, ಕಳಸದ ಕಡೆ. ಆ ಕೂಡುರಸ್ತೆ ದಾಟಿ ಕುದುರೆಮುಖದ ರಸ್ತೆಯ ಮೇಲೆ ಒಂದು ಪಿನ್ ಹಾಕಿದರೆ ಮ್ಯಾಪ್‌ಗೆ ಬೇರೆ ದಾರಿಯೇ ಇರುವುದಿಲ್ಲ. ಆಗುಂಬೆಯಲ್ಲೂ ಹಾಗೇ. ಮೇಲೆ ಆಗುಂಬೆ, ಕೆಳಗೆ ಸೋಮೇಶ್ವರ, ಎರಡು ಪಿನ್ ಬಿದ್ದರೆ ನಡುವಿನ 14 ತಿರುವುಗಳೂ ನಿಮ್ಮವೇ.

ಓಸ್ಮಾಂಡ್

ನನ್ನ ಮತ ಇದಕ್ಕೇ. ಮೊದಲ ಸಲ ತೆರೆದವರು ಮೆನು ನೋಡಿ ಹೆದರಿ ಮುಚ್ಚುತ್ತಾರೆ, ಅದೂ ಗೊತ್ತು. ಅಷ್ಟು ಆಯ್ಕೆಗಳಿವೆ. ಆದರೆ "ಈ ದಾರಿಯಲ್ಲೇ" ಎಂಬ ಮಾತಿಗೆ ಬೆಲೆ ಕೊಡುವ ಆ್ಯಪ್ ಇದು.

ಇದರ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಜನರೇ ಸೇರಿ ಬರೆಯುವ ನಕ್ಷೆ ಅದು. ಕರ್ನಾಟಕದ ನಕ್ಷೆಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಹುಡುಕಬಹುದು, ದಾರಿ ಲೆಕ್ಕ ಹಾಕಬಹುದು, ತಪ್ಪಿದರೆ ಮರಳಿ ಹಿಡಿಯಬಹುದು. ಗುಂಡ್ಯದ ಕಾಡಿನಲ್ಲೋ ಆಗುಂಬೆಯ ಇಳಿಜಾರಿನಲ್ಲೋ ಸಿಗ್ನಲ್ ಹೋದಾಗ ಇದರ ಬೆಲೆ ತಿಳಿಯುತ್ತದೆ. ಬೈಕಿಗೆ ಪ್ರತ್ಯೇಕ ಪ್ರೊಫೈಲ್ ಇದೆ. ಮಣ್ಣು ರಸ್ತೆ ಬೇಡ ಅನ್ನಬಹುದು. ಇನ್ನೊಂದು ಒಳ್ಳೆಯ ಸೌಲಭ್ಯ, ನಕ್ಷೆಯಲ್ಲಿ ಒಂದು ರಸ್ತೆಯನ್ನು ಮುಟ್ಟಿ "ಇದು ಬೇಡ" ಅಂತ ಗುರುತು ಹಾಕುವುದು. ಶಿರಾಡಿಯಲ್ಲಿ ಗುಡ್ಡ ಕುಸಿದಿದೆ ಅಂತ ಬೆಳಗ್ಗೆ ಸುದ್ದಿ ಬಂದರೆ ಆ ರಸ್ತೆಯನ್ನೇ ಹೊರಗಿಟ್ಟು ಮತ್ತೆ ಲೆಕ್ಕ ಹಾಕಿಸಬಹುದು.

ಎಲ್ಲಕ್ಕಿಂತ ದೊಡ್ಡದು ಜಿಪಿಎಕ್ಸ್. ಕಂಪ್ಯೂಟರಿನಲ್ಲಿ ಬರೆದ ದಾರಿಯನ್ನು ಫೈಲ್ ಮಾಡಿ ಕೊಟ್ಟರೆ, ಆ ಗೆರೆಯ ಮೇಲೇ ಎಡ, ಬಲ ಹೇಳುತ್ತಾ ಕರೆದೊಯ್ಯುತ್ತದೆ. ನೀವು ಚಹಾಕ್ಕೆ ಅಂತ ಗೆರೆ ಬಿಟ್ಟು ಹೋದರೂ ಮತ್ತೆ ಆ ಗೆರೆಗೇ ತಂದು ಸೇರಿಸುತ್ತದೆ. ಗೂಗಲ್ ಆದರೆ ಅಲ್ಲಿಂದಲೇ ಮುಂದಿನ ಊರಿಗೆ ಹತ್ತಿರದ ದಾರಿ ಹುಡುಕಿಬಿಡುತ್ತದೆ.

ಕೊರತೆಗಳೂ ಇವೆ. ಟ್ರಾಫಿಕ್ ಗೊತ್ತಿಲ್ಲ. ಅಂಗಡಿ, ಹೋಟೆಲುಗಳ ಮಾಹಿತಿ ಕಡಿಮೆ. ಹುಡುಕುವುದು ಸ್ವಲ್ಪ ಕಷ್ಟ. ತೀರ್ಥಹಳ್ಳಿಯನ್ನು ಇಂಗ್ಲಿಷ್‌ನಲ್ಲಿ ನೀವು ಒಂದು ಥರ ಬರೆದರೆ ಅದು ಇನ್ನೊಂದು ಥರ ಬರೆದುಕೊಂಡಿರುತ್ತದೆ. ಸಿಗದಿದ್ದರೆ ಕನ್ನಡದಲ್ಲೇ ಟೈಪ್ ಮಾಡಿ ನೋಡಿ. ತಲುಪುವ ಸಮಯವನ್ನಂತೂ ನಂಬಬೇಡಿ. ನಮ್ಮ ಹಂಪು, ದನ, ಎದುರಿಗೆ ಬರುವ ಬಸ್ಸು ಯಾವುದೂ ಅದರ ಲೆಕ್ಕದಲ್ಲಿಲ್ಲ. ಘಾಟಿ ಮತ್ತು ಮಲೆನಾಡಿನ ಒಳರಸ್ತೆಗಳಲ್ಲಿ ಗಂಟೆಗೆ 35 ಕಿ.ಮೀ. ಅಂತ ನೀವೇ ಲೆಕ್ಕ ಹಾಕಿಕೊಳ್ಳುವುದು ವಾಸಿ.

ಗೂಗಲ್ ಪ್ಲೇಯಲ್ಲಿ ಸಿಗುವ ಉಚಿತ ಆವೃತ್ತಿಯಲ್ಲಿ ಎಷ್ಟು ನಕ್ಷೆ ಇಳಿಸಬಹುದು ಎಂಬುದಕ್ಕೆ ಮಿತಿ ಇದೆ. ಎಫ್-ಡ್ರಾಯ್ಡ್ ಎಂಬ ಇನ್ನೊಂದು ಉಚಿತ ಆ್ಯಪ್ ಅಂಗಡಿಯಲ್ಲಿ ಸಿಗುವ ಆವೃತ್ತಿಗೆ ಆ ಮಿತಿ ಇಲ್ಲ. ಇನ್ನೊಂದು ಗಮನಿಸಿ: ಇದರಲ್ಲಿ ಭಾರತದ ನಕ್ಷೆ ರಾಜ್ಯವಾರು ತುಂಡಾಗಿದೆ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವವರು ಕೇರಳದ ನಕ್ಷೆಯನ್ನೂ ಇಳಿಸಿಕೊಳ್ಳಬೇಕು. ಗಡಿಯಲ್ಲಿ ದಾರಿ ಸಿಗದೆ ಆ್ಯಪ್ ಕೈಚೆಲ್ಲಲು ಬಹಳ ಸಲ ಕಾರಣ ಇಷ್ಟೇ.

ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಇದೇ ನಕ್ಷೆಯ ಮೇಲೆ ನಡೆಯುತ್ತದೆ. ಹಗುರ, ವೇಗ, ನೋಡಲು ಚೆಂದ, ಜಾಹೀರಾತಿಲ್ಲ. ಬೈಕಿಗೆ ಬೇರೆ ಮೋಡ್ ಇಲ್ಲ. ಜಿಪಿಎಕ್ಸ್ ಗೆರೆಯನ್ನು ನಕ್ಷೆಯ ಮೇಲೆ ತೋರಿಸುತ್ತದೆ, ಕಣ್ಣಲ್ಲಿ ನೋಡಿಕೊಂಡು ಹೋಗಬೇಕು. ಓಸ್ಮಾಂಡ್ ತಲೆನೋವು ಅನ್ನಿಸಿದರೆ ಫೋನಿನಲ್ಲಿ ಇದಾದರೂ ಇರಲಿ.

ಕುರ್ವಿಗರ್

ಇದು ಜರ್ಮನಿಯದು. ದಾರಿ ಬರೆಯಲು ಇದರ ವೆಬ್ ಪುಟ ತುಂಬಾ ಸುಲಭ. ಓಪನ್‌ಸ್ಟ್ರೀಟ್‌ಮ್ಯಾಪ್ ರಸ್ತೆಗಳ ಆಕಾರ ನೋಡಿ, ತಿರುವು ಜಾಸ್ತಿ ಇರುವ ರಸ್ತೆಗಳನ್ನು ಆರಿಸಿ ಕೊಡುವುದು ಇದರ ವಿಶೇಷ. ವೇಗವಾಗಿ ಬೇಕೋ, ಸ್ವಲ್ಪ ತಿರುವು ಬೇಕೋ, ತಿರುವೇ ತಿರುವು ಬೇಕೋ ಅಂತ ಕೇಳುತ್ತದೆ.

ಯುರೋಪಿನಲ್ಲಿ ಇದು ಸೊಗಸಾದ ಯೋಚನೆ. ಅಲ್ಲಿ ಚಿಕ್ಕ ರಸ್ತೆಯೂ ನುಣುಪಾಗಿರುತ್ತದೆ. ಮಲೆನಾಡಿನಲ್ಲಿ ಕಥೆ ಬೇರೆ. ಮೂಡಿಗೆರೆ, ಕಳಸದ ಕಡೆ ತಿರುವಿಲ್ಲದ ರಸ್ತೆ ಯಾವುದಿದೆ ಹೇಳಿ? ಇಲ್ಲಿ ತಿರುವು ಹೆಚ್ಚಿಸಿ ಅಂದರೆ ಅದು ಕೊಡುವುದು ಇನ್ನೂ ಕಿರಿದಾದ ರಸ್ತೆಯನ್ನು. ಸ್ವಲ್ಪ ಹೊತ್ತಿಗೆ ಕಾಫಿ ಎಸ್ಟೇಟಿನ ಗೇಟ್ ಎದುರು ನಿಂತಿರುತ್ತೀರಿ. ರಸ್ತೆ ಡಾಂಬರಿನದೋ ಮಣ್ಣಿನದೋ ಅಂತ ನಕ್ಷೆಯಲ್ಲಿ ಯಾರಾದರೂ ಬರೆದಿದ್ದರೆ ಮಾತ್ರ ಆ್ಯಪ್‌ಗೆ ತಿಳಿಯುತ್ತದೆ. ನಮ್ಮ ಕಡೆಯ ಎಷ್ಟೋ ಒಳರಸ್ತೆಗಳಿಗೆ ಆ ಮಾಹಿತಿಯನ್ನು ಇನ್ನೂ ಯಾರೂ ಸೇರಿಸಿಲ್ಲ. ಓಸ್ಮಾಂಡ್‌ನ "ಮಣ್ಣು ರಸ್ತೆ ಬೇಡ" ಆಯ್ಕೆ ಕೆಲವು ಸಲ ಕೈಕೊಡುವುದೂ ಇದೇ ಕಾರಣಕ್ಕೆ.

ಹಾಗಾಗಿ ಕುರ್ವಿಗರ್‌ನ್ನು ಕಡಿಮೆ ತಿರುವಿನ ಮೋಡ್‌ನಲ್ಲಿಟ್ಟು, ಬೇಕಾದ ಘಾಟಿಯನ್ನು ನೀವೇ ಪಿನ್ ಹಾಕಿ ಸೇರಿಸಿ. ಅನುಮಾನ ಬಂದ ರಸ್ತೆಯನ್ನು ಗೂಗಲ್‌ನ ಉಪಗ್ರಹ ಚಿತ್ರದಲ್ಲಿ ನೋಡಿ. ಕಪ್ಪು ಗೆರೆ ಕಂಡರೆ ಡಾಂಬರು, ಕೆಂಪು ಕಂಡರೆ ಮಣ್ಣು, ಮರಗಳಷ್ಟೇ ಕಂಡರೆ ಬೇರೆ ದಾರಿ ಹುಡುಕಿ. ಇದರ ಕೆಲವು ಸೌಲಭ್ಯಗಳಿಗೆ ದುಡ್ಡು ಕೊಡಬೇಕು. ಅದು ಬೇಡ ಅನ್ನುವವರಿಗೆ ಬಿರೌಟರ್ ಎಂಬ ಉಚಿತ ವೆಬ್ ಪುಟವಿದೆ. ನೋಡಲು ಒರಟು, ಆದರೆ ದಾರಿ ಬರೆದು ಜಿಪಿಎಕ್ಸ್ ತೆಗೆದುಕೊಳ್ಳಲು ಧಾರಾಳ ಸಾಕು.

ಮ್ಯಾಪಲ್ಸ್, ಮತ್ತು ಬೈಕಿನ ಮೇಲಿನ ಪರದೆಗಳು

ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ನಮ್ಮ ರಸ್ತೆಗಳಿಗೆಂದೇ ಮಾಡಿದ್ದು. ಹಂಪು, ಗುಂಡಿ, ಸ್ಪೀಡ್ ಕ್ಯಾಮೆರಾ ಬಂದರೆ ಮೊದಲೇ ಎಚ್ಚರಿಸುತ್ತದೆ. ಫ್ಲೈಓವರ್ ಹತ್ತಬೇಕೋ ಬೇಡವೋ ಅನ್ನುವಲ್ಲಿ ಕೂಡುರಸ್ತೆಯ ಚಿತ್ರವನ್ನೇ ತೋರಿಸುತ್ತದೆ. ಊರು ದಾಟುವಾಗ, ಹೆದ್ದಾರಿಯಲ್ಲಿ ಇದು ಒಳ್ಳೆಯ ಜೊತೆ. ಆದರೆ ನಾವೇ ಬರೆದ ಉದ್ದದ ದಾರಿಯನ್ನು ಹಿಡಿದು ಹೋಗುವ ವಿಷಯದಲ್ಲಿ ಓಸ್ಮಾಂಡ್‌ನ ಜಾಗಕ್ಕೆ ಬರುವುದಿಲ್ಲ.

ರಾಯಲ್ ಎನ್‌ಫೀಲ್ಡ್‌ನ ಟ್ರಿಪ್ಪರ್ ಎಂಬ ದಾರಿ ತೋರಿಸುವ ಪುಟ್ಟ ಪರದೆ 2020ರಲ್ಲಿ ಮೀಟಿಯರ್ 350ರ ಜೊತೆ ಬಂತು. ಅದು ಬಾಣದ ಗುರುತು ತೋರಿಸುತ್ತದೆ. ಹಿಮಾಲಯನ್ 450ರಲ್ಲಿ ಪೂರ್ತಿ ನಕ್ಷೆಯೇ ಬರುತ್ತದೆ. ಎರಡರ ಹಿಂದೆಯೂ ಇರುವುದು ಗೂಗಲ್. ಪರದೆ ಬದಲಾದರೂ ದಾರಿ ಆರಿಸುವ ಬುದ್ಧಿ ಅದೇ. ಗಾರ್ಮಿನ್‌ನ ಜೂಮೋ ಥರದ, ಬೈಕಿಗೆಂದೇ ಮಾಡಿದ ಜಿಪಿಎಸ್ ಸಾಧನಗಳು ಬಿಸಿಲಲ್ಲೂ ಚೆನ್ನಾಗಿ ಕಾಣುತ್ತವೆ, ಗ್ಲೌಸ್ ಹಾಕಿದ ಕೈಗೆ ಬಗ್ಗುತ್ತವೆ, ಮಳೆಗೆ ಅಂಜುವುದಿಲ್ಲ. ಆದರೆ ದುಬಾರಿ. ವರ್ಷಕ್ಕೊಮ್ಮೆ ಲಡಾಖ್, ಸ್ಪಿತಿ ಕಡೆ ಹೋಗುವವರು ಯೋಚಿಸಲಿ. ಶನಿವಾರ, ಭಾನುವಾರದ ರೈಡಿಗೆ ಸುಮ್ನೆ ಅಷ್ಟು ಖರ್ಚು ಬೇಡ.

ನನ್ನನ್ನು ಕೇಳಿದರೆ ಲೆಕ್ಕ ಹೀಗೆ. ಹೆದ್ದಾರಿ ಹಿಡಿದು ಹೋಗಿ ಬರುವುದಾದರೆ ಗೂಗಲ್ ಒಂದೇ ಸಾಕು. ಘಾಟಿ, ಕಾಡು, ಸುತ್ತುದಾರಿ ಇದ್ದರೆ ಕುರ್ವಿಗರ್ ಅಥವಾ ಬಿರೌಟರ್‌ನಲ್ಲಿ ದಾರಿ ಬರೆದು ಓಸ್ಮಾಂಡ್‌ನಲ್ಲಿ ಓಡಿಸಿ, ಊಟ, ಪೆಟ್ರೋಲ್, ರೂಮಿಗೆ ಗೂಗಲ್ ಇಟ್ಟುಕೊಳ್ಳಿ.

ಬರೆದ ದಾರಿ ಬದಲಾಗುವುದು ಯಾಕೆ?

ಕಂಪ್ಯೂಟರಿನಲ್ಲಿ ಚೆಂದ ಕಂಡ ದಾರಿ ಫೋನಿಗೆ ಬಂದ ಮೇಲೆ ಬೇರೆಯೇ ಆಗಿರುವುದು ತೀರಾ ಸಾಮಾನ್ಯ. ಇದಕ್ಕೆ ಕಾರಣ ಜಿಪಿಎಕ್ಸ್ ಫೈಲಿನ ಒಳಗಿದೆ. ಅದರಲ್ಲಿ ಮೂರು ಬಗೆಯ ಮಾಹಿತಿ ಇರಬಹುದು. ವೇಪಾಯಿಂಟ್ ಅಂದರೆ ಬಿಡಿ ಜಾಗಗಳು: ಬಂಕ್, ಹೋಟೆಲ್, ವ್ಯೂ ಪಾಯಿಂಟ್. ರೂಟ್ ಅಂದರೆ ಮುಖ್ಯ ಬಿಂದುಗಳಷ್ಟೇ. ನಡುವಿನ ರಸ್ತೆಯನ್ನು ತೆರೆದ ಆ್ಯಪ್ ತಾನೇ ಲೆಕ್ಕ ಹಾಕುತ್ತದೆ. ಟ್ರ್ಯಾಕ್ ಅಂದರೆ ಪೂರ್ತಿ ಜಾಡು, ರಸ್ತೆಯ ಪ್ರತಿ ಬಾಗಿಗೂ ಒತ್ತೊತ್ತಾಗಿ ಬಿಂದುಗಳು. ಅಲ್ಲಿ ಆ್ಯಪ್ ಸ್ವಂತ ಬುದ್ಧಿ ಓಡಿಸಲು ಜಾಗವಿಲ್ಲ.

ರೂಟ್ ಆಗಿ ಕಳಿಸಿದರೆ ಒಂದೊಂದು ಆ್ಯಪ್ ಒಂದೊಂದು ದಾರಿ ತೋರಿಸುತ್ತದೆ. ಟ್ರ್ಯಾಕ್ ಆಗಿ ಕಳಿಸಿದರೆ ಎಲ್ಲದರಲ್ಲೂ ಗೆರೆ ಒಂದೇ. ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ಕಣ್ಣುಮುಚ್ಚಿ ಟ್ರ್ಯಾಕ್ ಆರಿಸಿ. ಗೆರೆ ಕಾಡಿನ ಮೇಲೆ, ಹಿನ್ನೀರಿನ ಮೇಲೆ ಸ್ಕೇಲ್ ಇಟ್ಟು ಎಳೆದಂತೆ ನೇರ ಹೋಗಿದ್ದರೆ ಬಿಂದುಗಳು ದೂರ ದೂರ ಇವೆ ಅಂತ ಅರ್ಥ. ಓಸ್ಮಾಂಡ್‌ನಲ್ಲಿ ಟ್ರ್ಯಾಕನ್ನು ರಸ್ತೆಗೆ ಅಂಟಿಸುವ ಆಯ್ಕೆ ಇದೆ, ಅದನ್ನು ಒತ್ತಿದರೆ ಸರಿಹೋಗುತ್ತದೆ.

ಸುತ್ತಿ ಅದೇ ಜಾಗಕ್ಕೆ ಬರುವ ದಾರಿಯಲ್ಲಿ ಇನ್ನೊಂದು ಗೊಂದಲ. ಆರಂಭ, ಕೊನೆ ಎರಡೂ ಒಂದೇ ಜಾಗದಲ್ಲಿರುವುದರಿಂದ ಆ್ಯಪ್ ನಿಮ್ಮನ್ನು ಹಿಂದುಮುಂದಾಗಿ ಹಿಡಿದುಕೊಳ್ಳಬಹುದು. ಟ್ರ್ಯಾಕ್ ಹಾಕುವಾಗ ಹತ್ತಿರದ ಬಿಂದುವಿನಿಂದ ಅನ್ನುವ ಬದಲು ಆರಂಭದಿಂದ ಅಂತ ಆರಿಸಿ. ದಿನಕ್ಕೊಂದು ಫೈಲ್ ಮಾಡಿದರಂತೂ ಈ ತಾಪತ್ರಯವೇ ಇಲ್ಲ.

ಯೂ ಟರ್ನ್ ಕಾಟ ಬೇರೆ. "ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ" ಅಂತ ಕಿವಿಯಲ್ಲಿ ಒಂದೇ ಸಮನೆ ಹೇಳುತ್ತಿದ್ದರೆ ನೀವು ಯಾವುದೋ ಪಿನ್ ಮುಟ್ಟದೆ ಮುಂದೆ ಬಂದಿದ್ದೀರಿ. ಬಹಳ ಸಲ ಪಿನ್ ಬಿದ್ದಿರುವುದೇ ತಪ್ಪು ಜಾಗದಲ್ಲಿ. ನಾಲ್ಕು ಪಥದ ರಸ್ತೆಯಲ್ಲಿ ಎದುರಿನ ಪಥದ ಮೇಲೆ, ಇಲ್ಲವೇ ಸರ್ವಿಸ್ ರಸ್ತೆಯ ಮೇಲೆ, ಇಲ್ಲವೇ ಊರೊಳಗಿನ ಬಸ್ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಡಿವೈಡರ್ ಇರುವ ರಸ್ತೆಯಲ್ಲಿ ಪೂರ್ತಿ ಜೂಮ್ ಮಾಡಿ ಪಿನ್ ಹಾಕಿ. ರೈಡ್ ನಡುವೆ ಸಿಕ್ಕಿಕೊಂಡರೆ ಬೈಕ್ ಪಕ್ಕಕ್ಕೆ ಹಾಕಿ ಆ ಪಿನ್ ಅಳಿಸಿ, ಅಷ್ಟೆ. ಕುರ್ವಿಗರ್‌ನಲ್ಲಿ ನಿಲ್ಲಬೇಕಾದ ಬಿಂದು, ದಾರಿ ಬಗ್ಗಿಸಲು ಮಾತ್ರ ಇರುವ ಬಿಂದು ಅಂತ ಎರಡು ಬಗೆ ಇವೆ. ನಿಲ್ಲದ ಜಾಗಕ್ಕೆ ಎರಡನೆಯದನ್ನೇ ಬಳಸಿ.

ದಾರಿ ವಿಚಿತ್ರವಾಗಿ ಸುತ್ತಿ ಹೋಗುತ್ತಿದ್ದರೆ ಮೊದಲು ನೋಡಬೇಕಾದ್ದು "ಟೋಲ್ ಬೇಡ", "ಹೆದ್ದಾರಿ ಬೇಡ" ಬಟನ್‌ಗಳು. ಕಾರಿಗೆಂದು ಯಾವಾಗಲೋ ಒತ್ತಿದ್ದು ಹಾಗೇ ಉಳಿದಿರುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ನಲ್ಲಿ ಬೈಕಿಗೆ ಸಾಮಾನ್ಯವಾಗಿ ಶುಲ್ಕವೇ ಇಲ್ಲ. ಹಾಗಿರುವಾಗ ಟೋಲ್ ತಪ್ಪಿಸಲು ಹೋಗಿ ಮೂವತ್ತು ಕಿ.ಮೀ. ಸುತ್ತುವುದು ಯಾವ ಉಳಿತಾಯ, ಅಲ್ವಾ? ಬೆಂಗಳೂರಿನ ನೈಸ್ ರಸ್ತೆಯ ಮಾತು ಬೇರೆ, ಅಲ್ಲಿ ಬೈಕಿಗೂ ಕಟ್ಟಬೇಕು.

ಧ್ವನಿ ಅರ್ಧಕ್ಕೇ ನಿಂತುಹೋದರೆ ಅದು ಫೋನಿನ ಕಿತಾಪತಿ. ಪರದೆ ಆಫ್ ಆದೊಡನೆ ಬ್ಯಾಟರಿ ಉಳಿಸುವ ಹೆಸರಿನಲ್ಲಿ ಫೋನ್ ಆ್ಯಪನ್ನೇ ಮಲಗಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಬಾಣ ಸುಮ್ಮನೆ ತಿರುಗುತ್ತಿದ್ದರೆ ಮ್ಯಾಗ್ನೆಟ್ ಇರುವ ಟ್ಯಾಂಕ್ ಬ್ಯಾಗ್ ಮೇಲೆ ಅನುಮಾನ ಪಡಿ, ಫೋನಿನ ದಿಕ್ಸೂಚಿಯನ್ನು ಅದು ಕೆಡಿಸುತ್ತದೆ. ಮಳೆಹನಿ ಬಿದ್ದರೆ ಪರದೆ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ. ಆಗ ಪರದೆ ಲಾಕ್ ಮಾಡಿ, ಹೆಲ್ಮೆಟ್ಟಿನ ಧ್ವನಿಯನ್ನೇ ನಂಬಿ ಹೋಗುವುದು ಒಳ್ಳೆಯದು. ಇನ್ನು ಹ್ಯಾಂಡಲಿಗೆ ಫೋನ್ ಕಚ್ಚಿಸುವ ಮುಂಚೆ ಒಂದು ಮಾತು. ದೊಡ್ಡ ಎಂಜಿನ್ನಿನ ಬೈಕುಗಳ ಕಂಪನಕ್ಕೆ ಐಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಕಂಪನ ತಡೆಯುವ ಮೌಂಟ್ ಹಾಕಿ, ಇಲ್ಲವೇ ಹಳೆಯ ಫೋನೊಂದನ್ನು ಇದಕ್ಕೇ ಮೀಸಲಿಡಿ. ಓಸ್ಮಾಂಡ್‌ಗೆ ಸಿಮ್ ಕೂಡ ಬೇಕಾಗಿಲ್ಲ.

ನಕ್ಷೆಯ ಆಚೆಗಿನ ಲೆಕ್ಕ

ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಿಂದ ಹೀಗೇ ಇದೆ. ಆಫ್‌ಲೈನ್ ನಕ್ಷೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಅಂತ ನೆಚ್ಚಿಕೊಂಡರೆ ರಾತ್ರಿ ಗೇಟಿನ ಮುಂದೆ ಕಾಯಬೇಕಾದೀತು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಸಂಪಾಜೆ ಯಾವಾಗ ಮುಚ್ಚುತ್ತವೆ ಅನ್ನುವುದು ಗುಡ್ಡಕ್ಕೂ ಜಿಲ್ಲಾಡಳಿತಕ್ಕೂ ಬಿಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಘಾಟಿಗೆ ಬದಲಿಯಾಗಿ ಇನ್ನೊಂದು ಘಾಟಿಯ ಫೈಲನ್ನೂ ಮಾಡಿಟ್ಟುಕೊಳ್ಳಿ.

ಇಳಿಸಿದ ನಕ್ಷೆ ಹಳತಾಗುವುದೂ ಒಂದು ಸಮಸ್ಯೆ. ಸಿಗಂದೂರಿಗೆ ಶರಾವತಿ ಹಿನ್ನೀರು ದಾಟಲು ಎಷ್ಟೋ ವರ್ಷ ಲಾಂಚೇ ಗತಿಯಾಗಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಅದಕ್ಕೂ ಮುಂಚಿನ ನಕ್ಷೆ ನಿಮ್ಮ ಫೋನಿನಲ್ಲಿದ್ದರೆ ಅದು ಈಗಲೂ ಲಾಂಚಿಗೇ ಕಾಯಿಸುತ್ತದೆ, ಇಲ್ಲವೇ ಎಲ್ಲೆಲ್ಲೋ ಸುತ್ತಿಸುತ್ತದೆ. ಹೊರಡುವ ವಾರ ನಕ್ಷೆ ಅಪ್‌ಡೇಟ್ ಮಾಡಿ. ಪೆಟ್ರೋಲನ್ನೂ ಮ್ಯಾಪ್ ಮೇಲೆ ಬಿಡಬೇಡಿ. ಬಜಗೋಳಿ ದಾಟುವ ಮುಂಚೆ ಟ್ಯಾಂಕ್ ತುಂಬಿಸಿಕೊಂಡರೆ ಕಳಸದವರೆಗೆ ಬಂಕ್ ಹುಡುಕುವ ಕೆಲಸವೇ ಇರುವುದಿಲ್ಲ.

ಗುಂಪಿನಲ್ಲಿ ಹೋಗುವವರು ವಾಟ್ಸ್ಆ್ಯಪ್‌ನಲ್ಲಿ ಗೂಗಲ್ ಲಿಂಕ್ ಹಂಚಬೇಡಿ. ಪ್ರತಿಯೊಬ್ಬರ ಫೋನೂ ತೆರೆದ ಹೊತ್ತಿನ ಟ್ರಾಫಿಕ್ ನೋಡಿ ಬೇರೆ ಬೇರೆ ದಾರಿ ತೋರಿಸಬಹುದು. ದಿನಕ್ಕೊಂದರಂತೆ ಟ್ರ್ಯಾಕ್ ಫೈಲ್ ಕಳಿಸಿ, ಹೆಸರಿನಲ್ಲೇ ದಿನ, ಊರು ಬರೆಯಿರಿ: "2 ಉಡುಪಿ–ಕಳಸ–ಮೂಡಿಗೆರೆ" ಅನ್ನುವಂತೆ. ಓಸ್ಮಾಂಡ್ ಇಲ್ಲದವರಿಗೆ ಸೇರುವ ಜಾಗಗಳ ಪಟ್ಟಿಯನ್ನಾದರೂ ಕೊಡಿ. ಸಿಗ್ನಲ್ ಇರುವ ಊರುಗಳನ್ನೇ ಅದಕ್ಕೆ ಆರಿಸಿಕೊಳ್ಳಿ.